ಆಟದಲ್ಲಿಯ ಕೊಡಲಿಯಾಳು

ಆಟವು ಆಟವೇ, ಅದರಲ್ಲಿ ವಿಚಾರಿಸತಕ್ಕದ್ದೇನಿದೆ ಎಂದು ಕೆಲವರು ಅನ್ನಬಹುದು. ನಾವು ಹಾಗೆ ತಿಳಿಯುವದಿಲ್ಲ. ಗದಗಿನ ಸಮೀಪದ ಹೊಂಬಳದಂಥ ಊರಿನ ಹುಡುಗರೂ ಹುಡುಗಿಯರೂ ಈ ದಿನಗಳಲ್ಲಿ ಹುಲಿ-ಕುರಿಯ ಮನೆಗಳನ್ನು ಕಟ್ಟೆಯ ಮೇಲೆ ಗೀಚಿ ಆಡುವದಕ್ಕಿಂತ, ಕಂಪ್ಯೂಟರಿನ ಪರದೆಯ ಮೇಲೆ ದೇಶಾಂತರದ ಸೈನ್ಯಗಳನ್ನು ನಡೆಸುವದೇ ಹೆಚ್ಚು. ಆ ಸೈನ್ಯಗಳು ಅವರಿಗೆ ಏನನ್ನು ಕಲಿಸುತ್ತವೆಂಬುದನ್ನು ಹಿರಿಯರಾದವರು ಒಮ್ಮೆ ನೋಡಬೇಡವೇ?

2002ರಲ್ಲಿ ಹೊರಟ ‘ಏಜ್ ಆಫ್ ಮಿಥಾಲಜಿ’ ಎಂಬ ಆಟದಲ್ಲಿ ಪ್ರಾಚೀನ ಈಜಿಪ್ತ ದೇಶದ ಕೊಡಲಿಯಾಳು ಒಬ್ಬನಿದ್ದಾನೆ. ಇಷ್ಟು ಆಹಾರ, ಇಷ್ಟು ಬಂಗಾರ ತೆತ್ತರೆ ದಂಡಿನ ಮನೆಯಿಂದ ಅವನು ಹೊರಗೆ ಬರುವನು. ಶತ್ರುವಿನ ಕಾಲಾಳುಗಳನ್ನು ಕಡಿಯುವದರಲ್ಲಿ ಅವನು ಗಟ್ಟಿಗ. ಇನ್ನಷ್ಟು ದ್ರವ್ಯ ಸುರಿದಂತೆ ಅವನ ದರ್ಜೆಯು ಏರುತ್ತ ಹೋಗಿ ಕಡೆಗೆ ವೀರಾಗ್ರಣಿಯಾಗುವನು. ಸತ್ತನೋ, ಮತ್ತೊಬ್ಬನನ್ನು ಕೊಂಡರಾಯಿತು. ಇಬ್ಬರ ಮುಖದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಈಜಿಪ್ತದವರು ಮಾತ್ರ ತಮ್ಮ ಆಳುಗಳನ್ನು ಹಾಗೆ ಕಂಡವರಲ್ಲ. ಅಸ್ಯೂತ್ ಎಂಬಲ್ಲಿ ಮೆಸೇಹ್ತಿ ಎಂಬ ಪ್ರಾಂತಾಧಿಕಾರಿಯ ಗೋರಿಯೊಳಗೆ ಕಟ್ಟಿಗೆಯ ಎರಡು ಪುಟ್ಟ ದಂಡುಗಳು ಸಿಕ್ಕವು. ಒಂದರಲ್ಲಿ ಭಲ್ಲೆ ಹಿಡಿದ 40 ಜನ ಈಜಿಪ್ತದವರು, ಇನ್ನೊಂದರಲ್ಲಿ ಬಿಲ್ಲು ಹಿಡಿದ 40 ಜನ ನೂಬಿಯದವರು. ಮಾಡಿ ಸುಮಾರು 4000 ವರುಷಗಳಾದವು. ನೋಡಿದರೆ ಮಕ್ಕಳ ಆಟದ ಗೊಂಬೆಗಳೇ ಸರಿ. ಆದರೂ ಕೆತ್ತಿದ ಬಡಿಗನು ಒಬ್ಬನನ್ನು ಎತ್ತರ, ಒಬ್ಬನನ್ನು ಗಿಡ್ಡ ಮಾಡಿ, ಮುಖಗಳನ್ನೂ ಬೇರೆ ಬೇರೆಯಾಗಿ ತಿದ್ದಿದ್ದಾನೆ.

ಅವರ ಕೊಡಲಿಯೂ ನಮ್ಮದರಂತಲ್ಲ. ನಮ್ಮ ಒಕ್ಕಲಿಗನ ಕೊಡಲಿಯಲ್ಲಿ ಕಬ್ಬಿಣದ ಕಣ್ಣಿನೊಳಗೆ ಕಾವು ತೂರುವದು. ಅವರದಾದರೋ ಕಂಚಿನ ಅಲಗನ್ನು ಕಾವಿನ ಸೀಳಿನಲ್ಲಿ ಸಿಕ್ಕಿಸಿ ತೊಗಲಿನ ಪಟ್ಟಿಯಿಂದ ಬಿಗಿದದ್ದು. ಮೊದಲು ಅಗಲವಾಗಿ ಬಾಗಿದ್ದ ಅಲಗು ಕಾಲಾಂತರದಲ್ಲಿ ಆಳವಾಗಿ ನಾಟುವಂತೆ ಕಿರಿದಾಯಿತು. 1859ರಲ್ಲಿ ಥೀಬ್ಸ್ ನಗರದ ಹತ್ತಿರ ಅಹ್ಹೋತೆಪ್ ಎಂಬ ರಾಣಿಯ ಶವಪೆಟ್ಟಿಗೆಯೊಡನೆ ಅಹ್ಮೋಸ್ ಅರಸನ ಹೆಸರುಳ್ಳ ಬಂಗಾರದ ಕೆಲಸದ ಕೊಡಲಿಯೊಂದು ದೊರೆಯಿತು. ಜೊತೆಗೆ ಮೂರು ಚಿನ್ನದ ನೊಣಗಳ ಸರ. ಅಂಥ ನೊಣಗಳು ರಣದಲ್ಲಿ ತೋರಿದ ಶೌರ್ಯಕ್ಕೆ ಸಲ್ಲುವ ಬಹುಮಾನವೆಂದು ಪಂಡಿತರು ಹೇಳುವರು. ಅಹ್ಮೋಸನ ತಾಯಿಯ ಹೆಸರೂ ಅಹ್ಹೋತೆಪ್ ಎಂದೇ. ಅವಳು ಸೈನಿಕರನ್ನು ಪಾಲಿಸಿದಳು, ಓಡಿಹೋದವರನ್ನು ತಿರುಗಿ ಕೂಡಿಸಿದಳು ಎಂದು ಕಾರ್ನಾಕಿನ ಶಾಸನವು ಹೊಗಳುವದು. ಕೊಡಲಿಯಾಳನ್ನು ಕೊಳ್ಳುವ ನಮ್ಮ ಹುಡುಗಿಗೆ ಈ ರಾಣಿಯ ಸುದ್ದಿಯನ್ನು ಯಾರೂ ಹೇಳದಿರುವದು ನಮಗೆ ನಿಜವಾಗಿಯೂ ಕೊರತೆಯೆನಿಸುತ್ತದೆ.

ಇನ್ನು ನಮ್ಮ ಸೀಮೆ. ಈ ನಾಡನ್ನಾಳಿದ ಕಲ್ಯಾಣದ ಚಾಳುಕ್ಯರಲ್ಲಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ರಾಜ್ಯಭಾರ, ಅಡಿಗೆ, ಬೇಟೆಗಳ ಜೊತೆಗೆ ಚದುರಂಗವನ್ನೂ ಬಿಡದೆ ವರ್ಣಿಸಿದ್ದಾನೆ. ಚದುರಂಗದಲ್ಲಿ ಒಂದು ಪಕ್ಷಕ್ಕೆ ಎಂಟು ಕಾಲಾಳುಗಳು. ಅವರಿಗೆ ಮುಂದಡಿಯುಂಟು, ಹಿಂದಡಿಯಿಲ್ಲ. ಎಲ್ಲರಿಗಿಂತ ಮೊದಲು ಬಲಿಯಾಗುವವರೂ ಅವರೇ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಹಾಡಿದ ಭಾರತಯುದ್ಧವನ್ನೇ ತೆಗೆದುಕೊಳ್ಳಿರಿ. ಒಂದು ಅಕ್ಷೌಹಿಣಿಗೆ 1,09,350 ಕಾಲಾಳುಗಳೆಂದು ಲೆಕ್ಕ. ಹದಿನೆಂಟು ಅಕ್ಷೌಹಿಣಿಗಳಿಗೆ 19,68,300 ಆಗುವದು. ಇವರೊಳಗೆ ಒಬ್ಬನ ಹೆಸರನ್ನಾದರೂ ನಾವು ಬಲ್ಲೆವೇ? ಆದ್ದರಿಂದ ಹೆಸರಿಲ್ಲದ ಆಳನ್ನು ಸಾಯಿಸಿ ಆಡುವ ದೋಷವನ್ನು ಕಂಪ್ಯೂಟರಿನ ಮೇಲೆ ಮಾತ್ರ ಹೊರಿಸುವದು ನ್ಯಾಯವಲ್ಲ.

ಆದರೆ ನಮ್ಮ ನಾಡಿನಲ್ಲಿ ಅದಕ್ಕೆ ಉತ್ತರವಾಗಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ದೇವಸ್ತ್ರೀಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ದನಗಳನ್ನು ಕಳ್ಳರಿಂದ ಬಿಡಿಸುತ್ತ ಮಡಿದ ಸಾಮಾನ್ಯನಿಗೂ ಊರವರು, ಮನೆಯವರು ಇಂಥ ಕಲ್ಲು ನಿಲ್ಲಿಸಿದರು. ಮಂಡ್ಯ ಸೀಮೆಯ ಆತಕೂರಿನ, ಕ್ರಿ. ಶ. 949-50ರ ಕಲ್ಲಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನು ಉಳಿಸಿದೆ; ಅದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೂ ಇದ್ದ ಗೌರವವು ಆಟದಲ್ಲಿಯ ವೀರಾಗ್ರಣಿಗೆ ಇಲ್ಲ!

ಈ ಕಲ್ಲುಗಳ ಪಕ್ಕದಲ್ಲಿಯೇ ಕೆಲವೆಡೆ ಬಳೆ ತೊಟ್ಟ ತೋಳನ್ನು ಎತ್ತಿ ತೋರಿಸುವ ಮಾಸತಿಕಲ್ಲುಗಳೂ ಇರುವವು. ಆ ಪದ್ಧತಿಯನ್ನು ನಾವು ಹೊಗಳಲಾರೆವು. ಆದರೆ ಆಹಾರ, ಬಂಗಾರಗಳ ಹೊರತಾಗಿ ಒಬ್ಬ ಆಳಿಗೆ ಮತ್ತಾವ ಬೆಲೆ ತೆರಲಾಯಿತೆಂಬುದನ್ನು ಆ ತೋಳು ಹೇಳುವಷ್ಟು ಸ್ಪಷ್ಟವಾಗಿ ಬೇರೆ ಯಾವದೂ ಹೇಳದು.

ಆಟಗಳನ್ನು ನಿಲ್ಲಿಸಿರೆಂದು ನಾವು ಕೇಳುವದಿಲ್ಲ. ನಿಲ್ಲಿಸಿದರೂ ಅವು ನಿಲ್ಲವು. ಇತಿಹಾಸ ಕಲಿಸುವವರನ್ನು ಇಷ್ಟು ಮಾತ್ರ ಬೇಡುತ್ತೇವೆ. ರಜೆಗೆ ಊರಿಗೆ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿನಿಯು ತನ್ನ ಊರಿನ ಒಂದು ಕಲ್ಲಿನ ವಿವರವನ್ನು ಬರೆದು ತರಲಿ: ಎಲ್ಲಿದೆ, ಎಷ್ಟು ಪಟ್ಟಿಗಳಿವೆ, ವೀರನ ಕೈಯಲ್ಲಿರುವದು ಕತ್ತಿಯೋ ಬಿಲ್ಲೋ ಕೊಡಲಿಯೋ, ಅಕ್ಷರಗಳಿವೆಯೋ ಇಲ್ಲವೋ. ಎಣ್ಣೆ ಸುಣ್ಣಗಳಿಂದ ಅಕ್ಷರ ಮುಚ್ಚಿದ್ದರೆ ಕಬ್ಬಿಣದಿಂದ ಕೆರೆಯಕೂಡದು. ಇಳಿಬಿಸಿಲಿನಲ್ಲಿ ಓರೆಯಾಗಿ ನಿಂತು ನೋಡಿದರೆ ಎಷ್ಟೋ ಸಾಲುಗಳು ತಾವಾಗಿ ಕಾಣುವವು.