ಹತ್ತು ಅಡಿಯ ಕಾಲೊರಸು

ಹಸಿರು ಕಟ್ಟಡ ಎಂದರೆ ಸೌರಫಲಕ, ಮಳೆನೀರು ಸಂಗ್ರಹ, ಬಿಸಿಲು ತಡೆಯುವ ಗಾಜು ಕಣ್ಣಮುಂದೆ ಬರುತ್ತವೆ. ಬಾಗಿಲಲ್ಲಿ ಬಿದ್ದಿರುವ ಕಾಲೊರಸಿಗೂ ಅಲ್ಲಿ ಒಂದು ನಿಯಮವಿದೆ. ಅಮೆರಿಕದ ಹಸಿರು ಕಟ್ಟಡ ಮಂಡಳಿ ರೂಪಿಸಿದ ‘ಲೀಡ್’ ಪ್ರಮಾಣಪತ್ರದಲ್ಲಿ ಒಳಗಿನ ಗಾಳಿಯ ಗುಣಮಟ್ಟಕ್ಕೆ ಅಂಕಗಳಿವೆ. ಅದರ ಒಂದು ಷರತ್ತು: ದಿನವೂ ಬಳಸುವ ಹೊರಬಾಗಿಲುಗಳಲ್ಲಿ, ಜನ ನಡೆದು ಬರುವ ದಿಕ್ಕಿಗೆ, ಕನಿಷ್ಠ 10 ಅಡಿ ಉದ್ದದ ಜಾಲರಿಯೋ ಮ್ಯಾಟೋ ಇರಬೇಕು. ವಾರಕ್ಕೊಮ್ಮೆ ಅದರ ನಿರ್ವಹಣೆಯೂ ಆಗಬೇಕು.

ಇಷ್ಟು ಉದ್ದ ಏಕೆಂದರೆ, 10 ಅಡಿ ದಾಟಲು ನಾಲ್ಕೈದು ಹೆಜ್ಜೆ ಬೇಕು. ಎರಡೂ ಪಾದಗಳು ಎರಡೆರಡು ಸಲವಾದರೂ ಅದರ ಮೇಲೆ ಊರುತ್ತವೆ. ಹೊರಗಿನ ಒರಟು ಭಾಗ ಮಣ್ಣು ಕೆರೆಯುತ್ತದೆ, ಒಳಗಿನ ಮೆತ್ತನೆಯ ಭಾಗ ತೇವವನ್ನೂ ಸಣ್ಣ ದೂಳನ್ನೂ ಹಿಡಿಯುತ್ತದೆ. ಚಿಕ್ಕ ಮ್ಯಾಟಾದರೆ ಅವಸರದಲ್ಲಿ ಬರುವವರು ತುಳಿಯದೆಯೇ ದಾಟಿಬಿಡುತ್ತಾರೆ.

ಹಾಗೆ ಒಳಬರುವುದು ಬರೀ ಮಣ್ಣಲ್ಲ. ಸವೆದ ಟೈರಿನ ಚೂರು, ಗಿಡಗಳಿಗೆ ಹೊಡೆದ ಕೀಟನಾಶಕ, ಹಳೆಯ ಬಣ್ಣದ ಪುಡಿ ಎಲ್ಲವೂ ಇರುತ್ತವೆ. ನಮ್ಮಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ರಲ್ಲೇ ನಿಂತಿತು. ಆದರೆ ಸೀಸ ಕೊಳೆತು ಹೋಗುವಂಥದ್ದಲ್ಲ, ರಸ್ತೆಬದಿಯ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಮನೆಯಲ್ಲಾದರೆ ಚಪ್ಪಲಿಯನ್ನು ಹೊರಗೇ ಬಿಡುತ್ತೇವೆ. ಕಿಟಕಿ ತೆರೆಯದ ಎ.ಸಿ. ಕಚೇರಿಯಲ್ಲಿ ಬೂಟಿನ ದೂಳು ಕಾರ್ಪೆಟ್ ಸೇರಿ, ಯಾರಾದರೂ ಓಡಾಡಿದಾಗಲೆಲ್ಲ ಮತ್ತೆ ಗಾಳಿಗೇಳುತ್ತದೆ.

ಲೀಡ್ ನಮ್ಮ ದೇಶಕ್ಕೂ ಬಂದಿದೆ. ಹೈದರಾಬಾದಿನ ಸೊರಾಬ್ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್ 2003ರಲ್ಲಿ ಲೀಡ್‌ನ ಅತ್ಯುನ್ನತ ದರ್ಜೆಯಾದ ಪ್ಲಾಟಿನಂ ಪಡೆಯಿತು. ಬೆಂಗಳೂರಿನ ಎಷ್ಟೋ ಟೆಕ್ ಪಾರ್ಕುಗಳ ಗೋಡೆಯ ಮೇಲೂ ಈಗ ಲೀಡ್ ಫಲಕವಿದೆ. ಆದರೆ ವಾರಕ್ಕೊಮ್ಮೆ ಎಂಬ ಲೆಕ್ಕ ಬೆಂಗಳೂರಿಗೆ ಸಾಲದು. ಗೇಟಿನ ಮುಂದೆಯೇ ರಸ್ತೆ ಅಗೆದಿರುತ್ತಾರೆ, ಮಳೆ ಬಂದರೆ ಅದೇ ಮಣ್ಣು ಕೆಸರಾಗಿ ಬೂಟಿಗೆ ಮೆತ್ತುತ್ತದೆ. ದೂಳು ತುಂಬಿದ ಮ್ಯಾಟ್ ಇನ್ನಷ್ಟು ದೂಳು ಹಿಡಿಯದು. ಬದಲಿಗೆ, ಹಿಡಿದದ್ದನ್ನೇ ಮುಂದಿನವರ ಪಾದಕ್ಕೆ ಅಂಟಿಸಿ ಒಳಗೆ ಕಳಿಸುತ್ತದೆ. ಹೊಸ ಕಟ್ಟಡಕ್ಕೆ ಒಮ್ಮೆ ಕೊಟ್ಟ ಲೀಡ್ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದೇ ಇಲ್ಲ. ಮ್ಯಾಟ್ ಮಾತ್ರ ದಿನವೂ ತುಂಬುತ್ತದೆ.

ಹಾಗಾಗಿ ಗಾಳಿಯ ಗುಣಮಟ್ಟದ ಈ ಅಂಕವನ್ನು ನಿಜವಾಗಿ ಗಳಿಸುವವರು ಹೌಸ್‌ಕೀಪಿಂಗ್ ಕೆಲಸಗಾರರು. ಜಾಲರಿ ಎತ್ತಿ ಕೆಳಗಿನ ಮಣ್ಣು ಬಳಿಯುವವರ ಮೂಗಿಗೇ ಆ ದೂಳು ಮೊದಲು ಹೋಗುತ್ತದೆ. ಕಟ್ಟಡದ ಆಡಳಿತ ನೋಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ಈ ಕೆಲಸಗಾರರ ಕೈಗೆ ಬರೀ ಪೊರಕೆ ಕೊಡಬೇಡಿ, ವ್ಯಾಕ್ಯೂಮ್ ಯಂತ್ರ ಕೊಡಿ, ಒಳ್ಳೆಯ ಮಾಸ್ಕ್ ಕೊಡಿ. ಮಳೆಗಾಲದಲ್ಲಿ ಆ ಕೆಲಸಕ್ಕೆಂದೇ ದಿನಕ್ಕೆ ಅರ್ಧ ಗಂಟೆ ಮೀಸಲಿಡಿ.