ಅಕ್ಕಿ ಸಾಕಿತ್ತು, ಬಲೆ ಬೇಕಿತ್ತು



ಸ್ಟಾಕ್‌ಪೋರ್ಟಿನ ಮಳೆಯ ಬಗ್ಗೆ ನಿಮಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಟೇಮ್ ಮತ್ತು ಗಾಯ್ಟ್ ಎಂಬ ಎರಡು ನದಿಗಳು ಕೂಡಿ ಮರ್ಸಿ ನದಿ ಹುಟ್ಟುವುದೇ ನಮ್ಮ ಊರಿನಲ್ಲಿ. ಸಾಮಾನ್ಯವಾಗಿ ಸಾಧುವಾಗಿರುವ ಈ ಟೇಮ್, 2025ರ ಜನವರಿ 1ರಂದು ಉಕ್ಕಿ ಮೆಡೋ ಮಿಲ್ ಎಂಬ ಹಳೇ ಹತ್ತಿ ಗಿರಣಿಯ ಅಪಾರ್ಟ್‌ಮೆಂಟುಗಳಿಗೆ ನುಗ್ಗಿತು. ನೂರಾರು ಜನ ಹೊಸ ವರ್ಷದ ದಿನವೇ ಮನೆ ಬಿಟ್ಟು ಹೊರಗೆ ಬರಬೇಕಾಯಿತು.

ಅವರಲ್ಲಿ ಸ್ನೇಹಿತರ ಸ್ನೇಹಿತರಾದ ಒಂದು ಯುವ ದಂಪತಿ ಆ ಸಂಜೆ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಬಿಸಿಬೇಳೆ ಬಾತ್ ಮಾಡಿ, ಹಪ್ಪಳ ಕರಿದು, ಕಂಬಳಿಗಳನ್ನೆಲ್ಲ ಅಟ್ಟದಿಂದ ಇಳಿಸಿಟ್ಟಿದ್ದಳು. ಪಾಪ, ಆ ಹುಡುಗ ಊಟದ ತಟ್ಟೆ ಮುಂದೆ ಕೂತು ಬಹಳ ಸಂಕೋಚದಿಂದ ಕೇಳಿದ: "ಸಾರ್, ಊಟ ಆಮೇಲೆ ಮಾಡ್ತೀನಿ. ಒಂದು ಫೋನ್ ಚಾರ್ಜರ್ ಸಿಗುತ್ತಾ? ಇನ್ಶೂರೆನ್ಸ್‌ನವರಿಗೆ ಫೋನ್ ಮಾಡ್ಬೇಕು."

ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಮನೆ ಕಳೆದುಕೊಂಡು ಬಂದವರಿಗೆ ಏನು ಬೇಕು ಎಂದು ನಾವು ಕೇಳಿಯೇ ಇರಲಿಲ್ಲ! ಬೆಳಗಿನಿಂದ ಮೂರು ಕಡೆ ಅವರಿಗೆ ಊಟ ಸಿಕ್ಕಿತ್ತಂತೆ, ಚಾರ್ಜರ್ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

ಇದು ಸಣ್ಣ ವಿಷಯ, ನಿಜ. ಆದರೆ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಕಾರಣ, ಇದೇ ತಪ್ಪನ್ನು ಇದಕ್ಕಿಂತ ದೊಡ್ಡದಾಗಿ ನಾನೇ ಮುಂದೆ ನಿಂತು ಒಮ್ಮೆ ಮಾಡಿದ್ದೆ. ನಿಮ್ಮಲ್ಲಿ ಹಲವರು ಆಗ ನನ್ನ ಮಾತು ನಂಬಿ ಹಣ ಕೊಟ್ಟಿದ್ದೀರಿ. ಆದ್ದರಿಂದ ಇದನ್ನು ನಿಮ್ಮ ಮುಂದೆಯೇ ಹೇಳಿಕೊಳ್ಳುವುದು ಸರಿ.

2021ರ ಮೇ ತಿಂಗಳು ನೆನಪಿದೆಯಲ್ಲ? ಊರಲ್ಲಿ ಕೊರೊನಾದ ಎರಡನೇ ಅಲೆ, ಲಾಕ್‌ಡೌನ್. ಅದರ ಮೇಲೆ ತೌಕ್ತೆ ಚಂಡಮಾರುತ. ಅದು ದಡಕ್ಕೆ ಅಪ್ಪಳಿಸಿದ್ದು ಮೇ 17ರ ರಾತ್ರಿ ಗುಜರಾತಿನಲ್ಲಿ. ಆದರೆ ಹೋಗುವ ದಾರಿಯಲ್ಲಿ ಉಳ್ಳಾಲದಿಂದ ಕಾರವಾರದವರೆಗೆ ನಮ್ಮ ಕರಾವಳಿಯನ್ನೆಲ್ಲ ಕೆರೆದುಕೊಂಡು ಹೋಯಿತು. ನನ್ನ ತಾಯಿಯ ತವರು ಮರವಂತೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ಹೈವೇ. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಂಡಿರುತ್ತೀರಿ. ಅಲೆಗಳು ತೆಂಗಿನ ಮರಗಳನ್ನು ಬುಡಸಮೇತ ಎಳೆದುಕೊಳ್ಳುವ ವಿಡಿಯೋ ನಮ್ಮ ಫೋನುಗಳಿಗೆ ಬಂತು. ನಾನು ಮನವಿ ಬರೆದೆ, ಒಂದೇ ವಾರದಲ್ಲಿ ನೀವು ಧಾರಾಳವಾಗಿ ಕೊಟ್ಟಿರಿ. ಅಕ್ಕಿ, ಬೇಳೆ, ಎಣ್ಣೆ, ಟಾರ್ಪಾಲು ಸೇರಿಸಿ ಕಿಟ್ ಮಾಡಿಸಿ ಹಂಚಿಸಿದೆವು. ಬ್ಯಾನರ್ ಹಿಡಿದ ಫೋಟೋ ಬಂತು. ನಾವೆಲ್ಲ ಖುಷಿಪಟ್ಟೆವು.

ಮರುವರ್ಷ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಸೋದರಮಾವನ ಮನೆ ಜಗಲಿಯಲ್ಲಿ ಕೂತು ಹೆಮ್ಮೆಯಿಂದಲೇ ಆ ಮಾತು ತೆಗೆದೆ. ಮಾವ ನಾಡದೋಣಿ ಮೀನುಗಾರರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಕ್ಕಿ ಬಂತ್ ಮಗಾ, ಇಡುಕೆ ಜಾಗ ಇಲ್ದಷ್ಟ್ ಬಂತ್. ದೋಣಿ, ಬಲೆ ಕತಿ ಎಂತ ಅಂದ್ಹೇಳಿ ಒಬ್ರೂ ಕೇಣ್ಲಿಲ್ಲ."

ಆಮೇಲೆ ಅವರು ಬಿಡಿಸಿ ಹೇಳಿದ ಲೆಕ್ಕ ಹೀಗಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಯವರಿಗೆ ಅದೇ ಸುಗ್ಗಿ. ಮಳೆಗಾಲದ ಕಡಲು ಕಲಕಿ ಶಾಂತವಾದಾಗ ಸಿಗುವ ಮೀನೇ ಅವರ ವರ್ಷದ ಆಧಾರ. ಒಂದು ದೊಡ್ಡ ಬಲೆಯನ್ನು ನಂಬಿ ಹತ್ತಾರು ಮನೆಗಳಿರುತ್ತವೆ, ಬಂದದ್ದರಲ್ಲಿ ಎಲ್ಲರಿಗೂ ಪಾಲು. ಮೇ ತಿಂಗಳ ನಡುವಿನಲ್ಲಿ ಬಲೆ ಹೋಯಿತು ಎಂದರೆ ಹೋದದ್ದು ಬರೀ ಬಲೆಯಲ್ಲ, ಆ ಸುಗ್ಗಿಯೇ ಹೋಯಿತು. ಪ್ರಕೃತಿ ವಿಕೋಪ ಪರಿಹಾರದ ಆಗಿನ ಮಾನದಂಡದಲ್ಲಿ ಪೂರ್ತಿ ಹಾಳಾದ ಬಲೆಗೆ ಸಿಗುತ್ತಿದ್ದದ್ದು 2,600 ರೂಪಾಯಿ. 2022ರಲ್ಲಿ ಅದು 4,000 ಆಯಿತು. ಲಕ್ಷಗಟ್ಟಲೆ ಬೆಲೆಯ ಬಲೆಗೆ ಇದು ಯಾವ ಮೂಲೆಗೆ?

ಮೇ ತಿಂಗಳಲ್ಲಿ ಅಕ್ಕಿ ಎಲ್ಲರೂ ತಂದರು. ನಿಜವಾದ ಕಷ್ಟ ಬಂದದ್ದು ಆಸಾಡಿಯಲ್ಲಿ, ತುಳುವರು ಆಟಿ ಎನ್ನುತ್ತಾರಲ್ಲ, ಆ ತಿಂಗಳಲ್ಲಿ. ನಮ್ಮ ಹಿರಿಯರಿಗೆ ಅದು ಹಸಿವಿನ ತಿಂಗಳೆಂದೇ ಗೊತ್ತಿತ್ತು. ಆಗ ಕ್ಯಾಮೆರಾ ಇರಲಿಲ್ಲ, ಕಿಟ್ ಇರಲಿಲ್ಲ, ನಾವೂ ಇರಲಿಲ್ಲ. ಸಾಲ ಕೊಡುವವರು ಮಾತ್ರ ಇದ್ದರು.

ಇದು ನಮ್ಮೊಬ್ಬರ ತಪ್ಪಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಿಣಂ ಒಂದೇ ಜಿಲ್ಲೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಜಗತ್ತೆಲ್ಲ ಕರಗಿತು, ಲಾರಿಗಟ್ಟಲೆ ಹಳೇ ಬಟ್ಟೆ ಬಂತು. ಉಟ್ಟು ಬಿಟ್ಟ ಬಟ್ಟೆಯನ್ನು ಆ ಜನ ಮುಟ್ಟಲಿಲ್ಲ. ಅವರಿಗೂ ಮಾನ ಇತ್ತು. ಬಟ್ಟೆಯ ರಾಶಿ ರಸ್ತೆ ಬದಿಯಲ್ಲಿ ಕೊಳೆಯಿತು. ಆಮೇಲೆ ದೋಣಿ ಕೊಡುವ ಪೈಪೋಟಿ ಶುರುವಾಗಿ, ಕೆಲವು ಕಡೆ ಸುನಾಮಿಗೆ ಮೊದಲು ಇದ್ದದ್ದಕ್ಕಿಂತ ಹೆಚ್ಚು ಫೈಬರ್ ದೋಣಿಗಳಾದವು!

ಆದರೆ ಅದೇ ನಾಗಪಟ್ಟಿಣಂನಲ್ಲಿ ಒಳ್ಳೆಯ ಪಾಠವೂ ಇದೆ. ಯಾರು ಎಲ್ಲಿ ಏನು ಮಾಡಬೇಕು ಎಂದು ಹೊಂದಿಸಲು ಸಂಸ್ಥೆಗಳೆಲ್ಲ ಸೇರಿ ಜಿಲ್ಲಾಡಳಿತದ ಜೊತೆ ಒಂದು ಸಮನ್ವಯ ಕೇಂದ್ರ ನಡೆಸಿದವು. ಮೀನುಗಾರರದ್ದೇ ಸಹಕಾರಿ ಒಕ್ಕೂಟವಾದ ಸಿಫ್ಸ್, ಒಡೆದ ದೋಣಿ ಮತ್ತು ಎಂಜಿನ್‌ಗಳ ರಿಪೇರಿಗೆ ಕೈಹಾಕಿತು. ದೋಣಿಯವರಿಗೆ ಏನು ಬೇಕೆಂದು ದೋಣಿಯವರಿಗೇ ತಾನೇ ಗೊತ್ತು?

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. "ಊರವರೇ ತೀರ್ಮಾನಿಸಲಿ" ಎಂದರೆ ಸಾಲದು, ಊರವರು ಎಂದರೆ ಯಾರು ಎಂದು ಕೇಳಬೇಕು. ನಾಗಪಟ್ಟಿಣಂನ ಮೀನುಗಾರ ಪಂಚಾಯತುಗಳು ಪರಿಹಾರದ ಪಟ್ಟಿ ಮಾಡಿದಾಗ ದಲಿತರು, ಇರುಳರು ಎಷ್ಟೋ ಕಡೆ ಹೊರಗುಳಿದರು. ನಮ್ಮಲ್ಲೂ ಹಾಗೆಯೇ ಆಗಬಹುದು. ದೋಣಿ ಇದ್ದವನ ಹೆಸರು ಪಟ್ಟಿಯಲ್ಲಿರುತ್ತದೆ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿನ ಹೆಸರು, ಒಣಮೀನಿನ ಕೆಲಸದವಳ ಹೆಸರು ಇರುವುದಿಲ್ಲ. ದೋಣಿ ಕಡಲಿಗೆ ಇಳಿಯದಿದ್ದರೆ ಅವಳ ಒಲೆಯೂ ಉರಿಯುವುದಿಲ್ಲ.

ಇನ್ನು "ಇಂಥದ್ದೆಲ್ಲ ನಮ್ಮ ದೇಶದಲ್ಲಿ ಮಾತ್ರ" ಎನ್ನುವವರಿಗೆ ಒಂದು ಮಾತು. ನನ್ನ ಮಗಳು ಜಿಸಿಎಸ್‌ಇ ಜಿಯಾಗ್ರಫಿಗೆ ಓದುವಾಗ ಯಾರ್ಕ್‌ಶೈರಿನ ಹೋಲ್ಡರ್ನೆಸ್ ತೀರದ ಪಾಠ ಇತ್ತು. ಜೇಡಿಮಣ್ಣಿನ ಆ ದಡವನ್ನು ಕಡಲು ವರ್ಷಕ್ಕೆ ಸರಾಸರಿ ಎರಡು ಮೀಟರಿನಷ್ಟು ತಿನ್ನುತ್ತಿದೆ. ಮ್ಯಾಪಲ್ಟನ್ ಎಂಬ ಹಳ್ಳಿಯನ್ನು ಉಳಿಸಲು 1991ರಲ್ಲಿ ಕಡಲಿಗೆ ಅಡ್ಡವಾಗಿ ಬಂಡೆಗಳನ್ನು ಹಾಕಿದರು. ಹಳ್ಳಿ ಉಳಿಯಿತು. ಆದರೆ ಮರಳು ಅಲ್ಲೇ ತಡೆದು ನಿಂತಿತು, ದಕ್ಷಿಣಕ್ಕಿರುವ ಕೌಡನ್ ಕಡೆ ಕೊರೆತ ಹೆಚ್ಚಾಯಿತು. "ಅಪ್ಪಾ, ಇದು ನಮ್ಮ ಉಳ್ಳಾಲದ ಕತೆ ಅಲ್ವಾ?" ಎಂದಳು. ಹೌದು! ನೇತ್ರಾವತಿ ಅಳಿವೆಯಲ್ಲಿ ಬ್ರೇಕ್‌ವಾಟರ್ ಕಟ್ಟಿದ ಮೇಲೆ ಉಳ್ಳಾಲದ ಕೊರೆತ ಹೆಚ್ಚಿತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಿಂದ ಅಲ್ಲಿ ಕಾಮಗಾರಿ ಮುಗಿಸುವಷ್ಟರಲ್ಲಿ ಸೋಮೇಶ್ವರ, ಉಚ್ಚಿಲದವರ ಗೋಳು ಶುರುವಾಗಿತ್ತು. ಕಲ್ಲು ಹಾಕುವ ಮುಂಚೆ ಪಕ್ಕದ ಊರಿನವರನ್ನೂ ಕೂರಿಸಿ ಕೇಳದಿದ್ದರೆ, ಒಬ್ಬರ ರಕ್ಷಣೆ ಇನ್ನೊಬ್ಬರ ವಿಪತ್ತಾಗುತ್ತದೆ. ಅಂದಹಾಗೆ, ಇಂಗ್ಲೆಂಡಿನಲ್ಲೂ ಕಡಲ್ಕೊರೆತದಿಂದ ಮನೆ ಕಳೆದುಕೊಂಡವರಿಗೆ ಮನೆಯ ಬೆಲೆಯನ್ನು ಪರಿಹಾರವಾಗಿ ಪಡೆಯುವ ಹಕ್ಕಿಲ್ಲ. ಹಾಗಾಗಿ ನಾವು ಬೀಗುವಂಥದ್ದೇನೂ ಇಲ್ಲ.

ಹಾಗಾದರೆ ದೂರದಲ್ಲಿರುವ ನಾವು ಏನು ಮಾಡಬಹುದು? ನಮಗಿಂತ ಮುಂಚೆ ಊರು ಬಿಟ್ಟವರು ದಾರಿ ತೋರಿಸಿದ್ದಾರೆ. ಕರಾವಳಿಯಿಂದ ಮುಂಬಯಿಗೆ ಹೋದವರು 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು, ಹಗಲು ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದರು. ಬಿರುಗಾಳಿ ಬಂದಾಗ ಮಾತ್ರ ಎಚ್ಚರಾಗುವ ಸಂಘ ಅದಲ್ಲ. ಸಂಬಂಧ ಮೊದಲು, ಸಹಾಯ ಆಮೇಲೆ. ನಾವು ಮಾಡಿದ್ದು ತಲೆಕೆಳಗು.

ನಮ್ಮ ಮುಂದಿನ ಕಮಿಟಿ ಮೀಟಿಂಗಿಗೆ ನನ್ನ ನಾಲ್ಕು ಸಲಹೆಗಳಿವೆ.

ಮೊದಲನೆಯದು, ಹಣ ಎತ್ತುವ ಮುಂಚೆ ಮೂರು ಫೋನ್ ಕರೆ. ಒಂದು ದೋಣಿಯವರಿಗೆ, ಒಂದು ಮೀನು ಮಾರುವ ಹೆಂಗಸರ ಗುಂಪಿಗೆ, ಇನ್ನೊಂದು ದೋಣಿಯೂ ಇಲ್ಲದ, ಜಾಗವೂ ಇಲ್ಲದ ಮನೆಗೆ. ಮೂವರೂ ಹೇಳಿದ ಮೇಲೆಯೇ ಮನವಿ ಬರೆಯೋಣ.

ಎರಡನೆಯದು, ಬಂದ ಹಣದಲ್ಲಿ ಮೂರನೇ ಒಂದು ಪಾಲು ತಕ್ಷಣಕ್ಕೆ, ಒಂದು ಪಾಲು ಆಸಾಡಿಗೆ, ಉಳಿದದ್ದು ಒಂದು ವರ್ಷದ ನಂತರಕ್ಕೆ. ಎಲ್ಲರೂ ಮರೆತ ಮೇಲೆ ಹೋಗುವ ಹಣಕ್ಕೆ ಬೆಲೆ ಹೆಚ್ಚು.

ಮೂರನೆಯದು, ಬ್ಯಾನರ್ ಬೇಡ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಆಗುವುದು ಬೇಡ. ಬದಲಿಗೆ ಖರ್ಚಿನ ಲೆಕ್ಕವನ್ನು ಆ ಊರಿನ ಸಭೆಯಲ್ಲೇ ಓದಿಸೋಣ, ಅದರ ಪ್ರತಿ ನಮಗೆ ಬರಲಿ. "ದುಡ್ಡು ಅವರ ಕೈಗೆ ಕೊಟ್ಟರೆ ಲೆಕ್ಕ ಯಾರು ಕೊಡ್ತಾರೆ?" ಎಂದು ಕೇಳುವ ಹಿರಿಯರ ಆತಂಕ ನ್ಯಾಯವಾದದ್ದೇ. ಆದರೆ ಸ್ಟಾಕ್‌ಪೋರ್ಟಿನಲ್ಲಿ ಕೂತು ನೋಡುವ ಫೋಟೋಗಿಂತ, ಅಕ್ಕಪಕ್ಕದವರ ಎದುರಿಗೆ ಓದಿದ ಲೆಕ್ಕವೇ ಗಟ್ಟಿ.

ನಾಲ್ಕನೆಯದು, ಕಾಗದಪತ್ರ ಈಗಲೇ ಆಗಲಿ. ಬ್ರಿಟಿಷ್ ಪಾಸ್‌ಪೋರ್ಟ್ ಇರುವವರ ಹಣ, ಓಸಿಐ ಇದ್ದರೂ, ಭಾರತದಲ್ಲಿ ವಿದೇಶಿ ದೇಣಿಗೆ ಎಂದೇ ಲೆಕ್ಕ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಊರಿನ ಸಣ್ಣ ಸಂಘ ಅದನ್ನು ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಾಯಿತ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಭಾರತೀಯ ಪೌರರು ಬ್ಯಾಂಕಿನ ಮೂಲಕ ಕಳಿಸುವ ಸ್ವಂತ ಉಳಿತಾಯಕ್ಕೆ ಈ ತೊಡಕಿಲ್ಲ. ಬಿರುಗಾಳಿ ಎದ್ದ ಮೇಲೆ ಇದನ್ನೆಲ್ಲ ಹುಡುಕುತ್ತಾ ಕೂತರೆ, ಕೊನೆಗೆ ಸುಲಭವಾದ ಅಕ್ಕಿ ಕಿಟ್ಟಿಗೇ ಬಂದು ನಿಲ್ಲುತ್ತೇವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಮೆಡೋ ಮಿಲ್ಲಿನ ಆ ಹುಡುಗನಿಗೆ ಚಾರ್ಜರ್ ಕೊಟ್ಟೆವು. ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ ಬಂದು ಬಿಸಿಬೇಳೆ ಬಾತನ್ನು ಎರಡು ಸಲ ಹಾಕಿಸಿಕೊಂಡ. ಊಟ ಬೇಡವಾಗಿತ್ತು ಅಂತಲ್ಲ, ಅದರ ಸರದಿ ಆಗ ಬಂದಿತ್ತು ಅಷ್ಟೆ.

ಮೊನ್ನೆ ಮಾವನಿಗೆ ಫೋನ್ ಮಾಡಿದಾಗ, ಯಾವ ಬಿರುಗಾಳಿಯೂ ಇಲ್ಲದ ದಿನ, "ನಿಮಗೆ ಎಂತ ಬೇಕು ಮಾವ?" ಎಂದೆ. ನಕ್ಕರು. "ಹೀಂಗೇ ಆಗಾಗ ಫೋನ್ ಮಾಡ್ ಮಗಾ" ಎಂದರು.

ಏನಂತೀರಿ? ಒಪ್ಪಿಗೆ ಇದ್ದರೂ, ಇಲ್ಲದಿದ್ದರೂ ಎರಡು ಸಾಲು ಬರೆಯಿರಿ. ಮೀಟಿಂಗಿನಲ್ಲಿ ಕಾಫಿ ಜೊತೆ ಜಗಳವಾಡೋಣ!

ಸಿರಿಗನ್ನಡಂ ಗೆಲ್ಗೆ.