ಹಳೆಯ ಕಾರಿನ ಬೆನ್ನಿಗೊಂದು ಕಣ್ಣು

ಮನೆಯ ಹಿರಿಯರಿಗೆ ದೃಷ್ಟಿ ಮಂದವಾದರೆ ಕನ್ನಡಕ ಮಾಡಿಸಿಕೊಡುತ್ತೇವೆ. ಕನ್ನಡಕ ಹಾಕಿಕೊಂಡರೆಂದು ಅಜ್ಜ ಅಜ್ಜನಲ್ಲದೆ ಹೋಗುವುದಿಲ್ಲ. ಆದರೆ ಮನೆಯಲ್ಲಿರುವ ಹಳೆಯ ಕಾರಿಗೆ ಹಿಂಬದಿ ನೋಡುವ ಕ್ಯಾಮೆರಾವನ್ನೋ, ಏನಾದರೂ ಅಡ್ಡ ಬಂದರೆ ಕೂಗಿ ಹೇಳುವ ಸೆನ್ಸರನ್ನೋ ಕೂಡಿಸೋಣವೆಂದರೆ ಮಾತ್ರ, 'ಅಯ್ಯೋ, ಅದರ ಹಳೆತನವೇ ಕೆಟ್ಟುಹೋಗುತ್ತದೆ' ಎಂದು ಹಲವರು ಹೌಹಾರುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ ಆಗಿತ್ತು. ಕಳೆದ ಮಳೆಗಾಲದಲ್ಲಿ ಕೃಷ್ಣಾ ನದಿಯ ದಂಡೆಯ ಮೇಲೆ ಕಣ್ಣಾರೆ ಕಂಡ ಒಂದು ಘಟನೆ ಅದನ್ನು ಬದಲಿಸಿತು. ಈ ಬರಹಕ್ಕೆ ಅದೇ ಕಾರಣ.

ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮೊಡನೆ ಟಿ.ಸಿ.ಎಚ್. ತರಬೇತಿ ಪಡೆದ ಗೆಳೆಯರೊಬ್ಬರು ಮಕ್ತಲ್ ಕಡೆಯವರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಕಾಸರಗೋಡು ಕೇರಳದ ಪಾಲಾದಂತೆ ಅವರ ಸೀಮೆ ಆಂಧ್ರಪ್ರದೇಶದ ಪಾಲಾಯಿತು. 2014ರಲ್ಲಿ ತೆಲಂಗಾಣಕ್ಕೆ ಸೇರಿತು. ಈಗ ಅದು ನಾರಾಯಣಪೇಟೆ ಜಿಲ್ಲೆ. ಅವರಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ನಮ್ಮ ಸ್ಥಿತಿಯನ್ನು ಬಿಡಿಸಿ ಹೇಳದೆಯೇ ಅರ್ಥ ಮಾಡಿಕೊಳ್ಳಬಲ್ಲವರಾದ್ದರಿಂದ ಸ್ನೇಹ ಉಳಿದುಬಂದಿದೆ.

ಅವರ ಮನೆಯಲ್ಲಿ ಒಂದು ಅಂಬಾಸಡರ್ ಕಾರಿದೆ. ಅರುವತ್ತರ ದಶಕದ ಮಾರ್ಕ್ ಎರಡು ಮಾದರಿ. ಗೆಳೆಯರ ತಂದೆ ಸೀರೆ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಕೊಂಡದ್ದು. ಗದ್ವಾಲದ ಸೀರೆಗಳೂ ನಾರಾಯಣಪೇಟೆಯ ಸೀರೆಗಳೂ ಅದರ ಡಿಕ್ಕಿಯಲ್ಲಿ ಊರೂರು ಸುತ್ತಿವೆಯಂತೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಹುಟ್ಟಿದ ಈ ಅಂಬಾಸಡರು ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರ ತನಕ ತಯಾರಾಗುತ್ತಿತ್ತು. ಮಂತ್ರಿಯಿಂದ ಹಿಡಿದು ಮದುಮಗನವರೆಗೆ ಅದರಲ್ಲಿ ಕೂರದವರಿಲ್ಲ. ಅಗಲವಾದ ಸೀಟು, ಗಟ್ಟಿ ತಗಡು, ಉಬ್ಬಿದ ಬೆನ್ನು. ಈಗ ಆ ಉಬ್ಬಿದ ಬೆನ್ನಿನ ವಿಷಯಕ್ಕೆ ಬರೋಣ.

ಆಗಸ್ಟ್ ತಿಂಗಳು. ಆಲಮಟ್ಟಿ, ನಾರಾಯಣಪುರಗಳಿಂದ ಬಿಟ್ಟ ನೀರು ಜೂರಾಲ ಅಣೆಕಟ್ಟೆಯನ್ನು ತುಂಬಿ, ಗೇಟುಗಳನ್ನು ತೆರೆದಿದ್ದರು. ಪ್ರಿಯದರ್ಶಿನಿ ಜೂರಾಲ ಯೋಜನೆಯೆಂದು ಹೆಸರಾದ ಈ ಅಣೆಕಟ್ಟೆಯ ಮೇಲೆಯೇ ಆತ್ಮಕೂರಿನಿಂದ ಗದ್ವಾಲಕ್ಕೆ ಹೋಗುವ ರಸ್ತೆ ಇದೆ. ಗೇಟು ತೆರೆದರೆಂಬ ಸುದ್ದಿ ಹಬ್ಬಿತೆಂದರೆ ಸುತ್ತಲಿನ ಊರುಗಳ ಜನ ಜಾತ್ರೆಯಂತೆ ಬಂದು ಸೇರುತ್ತಾರೆ. ದಡದ ಅಂಗಡಿಗಳಲ್ಲಿ ಆಗತಾನೆ ಹಿಡಿದ ಮೀನನ್ನು ಹುರಿದು ಕೊಡುತ್ತಾರೆ. ಅದಕ್ಕೆಂದೇ ಬರುವವರೂ ಉಂಟು. ಬಸ್ಸು, ಆಟೋ, ಕಾರು, ಮೋಟಾರು ಸೈಕಲ್ಲುಗಳ ನಡುವೆ ಜೋಳದ ತೆನೆ ಸುಟ್ಟು ಮಾರುವವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಎಲ್ಲಿ ರಸ್ತೆ ಮುಗಿಯಿತು, ಎಲ್ಲಿ ಅಂಗಡಿ ಶುರುವಾಯಿತು ಎಂದು ಹೇಳುವುದೇ ಕಷ್ಟ.

ನೀರು ನೋಡಿ, ಮೀನು ತಿಂದು ಹೊರಟೆವು. ಗೆಳೆಯರು ಚಾಲಕರ ಸೀಟಿನಲ್ಲಿ, ನಾವು ಪಕ್ಕದಲ್ಲಿ, ಎಂಬತ್ತು ದಾಟಿದ ಅವರ ತಂದೆ ಹಿಂದೆ. ಗೆಳೆಯರು ಕುತ್ತಿಗೆ ತಿರುವಿ ಹಿಂದಿನ ಗಾಜಿನಲ್ಲಿ ನೋಡಿದರು, ಯಾರೂ ಇರಲಿಲ್ಲ. ಕಾರು ಮೆಲ್ಲನೆ ಹಿಂದಕ್ಕೆ ಸರಿಯಿತು. ಅಷ್ಟರಲ್ಲಿ ಒಬ್ಬ ಹೆಂಗಸು 'ಆಗು, ಆಗು!' ಎಂದು ಕಿರುಚಿದಳು. ನಮ್ಮ ಕನ್ನಡದ ಕಿವಿಗೆ ಅದು ಬೇರೆಯೇ ಮಾತಾಗಿ ಕೇಳಿಸಿತು. ತೆಲುಗಿನಲ್ಲಿ 'ಆಗು' ಎಂದರೆ ನಿಲ್ಲು ಎಂದು ನಮಗೆ ಹೊಳೆಯುವ ಮೊದಲೇ ಗೆಳೆಯರು ಬ್ರೇಕು ಒತ್ತಿಯಾಗಿತ್ತು. ಇಳಿದು ನೋಡಿದರೆ ಬಂಪರಿನಿಂದ ಒಂದು ಗೇಣು ದೂರದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಕುಕ್ಕರಗಾಲಿನಲ್ಲಿ ಕೂತು, ಬಿದ್ದ ತೆನೆಯನ್ನು ಎತ್ತಿಕೊಳ್ಳುತ್ತಿದ್ದಳು. ತಾಯಿ ಮಗುವನ್ನು ಬಾಚಿ ಎತ್ತಿಕೊಂಡು ಹೋದಳು. ನಮ್ಮನ್ನು ಬೈಯಲೂ ಇಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಸೀಟಿನಲ್ಲಿ ಕೂತ ಭಾಷಾ ಮಾಸ್ತರರ ನೆರವಿಗೆ ಆ ಮಗುವಿನ ಪ್ರಾಣ ಕಾದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಇದರಲ್ಲಿ ಗೆಳೆಯರ ಅಜಾಗರೂಕತೆ ಇತ್ತೆಂದು ಹೇಳಲಾಗದು. ಅವರು ನೋಡಿದ್ದರು. ಆದರೆ ಹಿಂದಿನ ಗಾಜಿನ ಕೆಳಗೆ, ಡಿಕ್ಕಿಯ ಹಿಂದೆ ಏನಿದೆ ಎಂಬುದು ಸೀಟಿನಲ್ಲಿ ಕೂತವನಿಗೆ ಕಾಣುವಂತೆಯೇ ಇಲ್ಲ. ನಿಂತ ಆಳು ಕಂಡಾನು, ಕೂತ ಮಗು ಕಾಣದು. ಇದು ಅಂಬಾಸಡರಿಗೆ ಮಾತ್ರ ಅಂಟಿದ ದೋಷವೂ ಅಲ್ಲ. ಅಮೆರಿಕದಲ್ಲಿ 2002ರಲ್ಲಿ ತಂದೆಯೇ ಹಿಂದಕ್ಕೆ ತೆಗೆದ ಕಾರಿಗೆ ಸಿಕ್ಕಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲಿಯೇ 2008ರಲ್ಲಿ ಅಲ್ಲಿ ಕಾನೂನು ಬಂತು. ಅದರ ಪ್ರಕಾರ 2018ರ ಮೇ 1ರಿಂದ ಅಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಹಿಂಬದಿಯ ಕ್ಯಾಮೆರಾ ಕಡ್ಡಾಯವಾಯಿತು. ಹೀಗೆ ಹಿಂದಕ್ಕೆ ಸರಿಯುವ ವಾಹನಗಳಿಂದ ವರ್ಷಕ್ಕೆ ಸರಾಸರಿ 210 ಸಾವುಗಳಾಗುತ್ತವೆಂದೂ ಸತ್ತವರಲ್ಲಿ ಶೇಕಡಾ 31 ಮಂದಿ ಐದು ವರ್ಷದೊಳಗಿನ ಮಕ್ಕಳು, ಶೇಕಡಾ 26 ಮಂದಿ ಎಪ್ಪತ್ತು ಮುಟ್ಟಿದ ವೃದ್ಧರೆಂದೂ ಅಲ್ಲಿನ ಸಾರಿಗೆ ಇಲಾಖೆ 2014ರಲ್ಲಿ ಲೆಕ್ಕ ಕೊಟ್ಟಿತ್ತು. ಮನೆಯಂಗಳದಲ್ಲಿ ಹೆಚ್ಚಾಗಿ ಓಡಾಡುವವರು ಇವರಿಬ್ಬರೇ ಎಂಬುದನ್ನು ಓದುಗರು ಗಮನಿಸಬೇಕು.

ನಮ್ಮ ದೇಶದಲ್ಲಿಯೂ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿಯ ಸೆನ್ಸರ್ ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಈ ನಿಯಮ ಅದಕ್ಕೂ ಮೊದಲು ರಸ್ತೆಗಿಳಿದ ಗಾಡಿಗಳನ್ನು ಕೇಳುವುದಿಲ್ಲ. ಮೂವತ್ತು, ಐವತ್ತು ವರ್ಷ ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರ ಪಾಲಿಗೆ ಈ ವಿಷಯ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದಾಗಿದೆ. ಸರಕಾರ ಕೇಳಲಿಲ್ಲವೆಂದು ನಾವೂ ಕೇಳಿಕೊಳ್ಳಬಾರದೆ?

ಆ ಸಂಜೆ ಮಕ್ತಲಿನ ಮನೆಯಲ್ಲಿ ಇದೇ ಚರ್ಚೆ ನಡೆಯಿತು. ಕ್ಯಾಮೆರಾ ಹಾಕಿಸುವೆನೆಂದು ಗೆಳೆಯರು ಹೇಳಿದ್ದೇ ತಡ, ಅವರ ತಂದೆ ಸಿಡುಕಿದರು. 'ಐವತ್ತು ವರ್ಷ ಈ ಗಾಡಿ ನಡಿಸೀನಿ ಮಾಸ್ತರ್. ಕುತ್ತಿಗಿ ತಿರುವಿ ನೋಡಿ ಹಿಂದಕ್ಕ ತಗೊಂಡೀನಿ. ಈಗ ಇದಕ್ಕ ಟಿ.ವಿ. ಹಚ್ಚಿ ಬೆನ್ನಿಗೆ ತೂತು ಹೊಡಸ್ತೀನಂತಾನ ಇವ' ಎಂದು ನಮ್ಮ ಮುಂದೆ ದೂರು ಹೇಳಿದರು. ಆ ಮಾತಿನಲ್ಲಿ ಹಟ ಮಾತ್ರವಲ್ಲ, ನ್ಯಾಯವೂ ಇತ್ತು. ಹಳೆಯ ವಸ್ತುವನ್ನು 'ಸುಧಾರಿಸುತ್ತೇವೆ' ಎಂದು ಹೊರಟು ಅದರ ಮೂಗು ಕೊಯ್ದವರನ್ನು ನಾವೆಲ್ಲ ಕಂಡಿದ್ದೇವೆ.

ಆದ್ದರಿಂದ ಹಾಕಬೇಕೆ ಎಂಬುದರಷ್ಟೇ, ಹೇಗೆ ಹಾಕಬೇಕು ಎಂಬುದೂ ಮುಖ್ಯ. ಮೊದಲು ಸೆನ್ಸರಿನ ಮಾತು. ಅದು ಕೆಲಸ ಮಾಡುವುದು ಕತ್ತಲೆಯಲ್ಲಿ ಹಾರುವ ಬಾವಲಿಯ ಹಾಗೆ. ನಮ್ಮ ಕಿವಿಗೆ ಕೇಳದಷ್ಟು ತಾರಕದ ಶಬ್ದವನ್ನು ಬಿಟ್ಟು, ಅದು ತಾಗಿ ಮರಳಿ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಒಂದು ಮೀಟರು ದೂರದ ಗೋಡೆಯಿಂದ ಶಬ್ದ ಮರಳಲು ಸೆಕೆಂಡಿನ ಸಾವಿರ ಪಾಲಿನಲ್ಲಿ ಆರು ಪಾಲು ಸಾಕು. ಹೊಸ ಕಾರುಗಳ ಪ್ಲಾಸ್ಟಿಕ್ ಬಂಪರಿಗೆ ತೂತು ಕೊರೆದು ಇದನ್ನು ಕೂರಿಸುತ್ತಾರೆ. ಹಳೆಯ ಕಾರಿನ ಕ್ರೋಮ್ ಬಂಪರಿಗೆ ಹಾಗೆ ಕೊರೆದರೆ ಕೊರೆದ ಅಂಚಿನಿಂದಲೇ ತುಕ್ಕು ಹಿಡಿಯುತ್ತದೆ. ಉಪ್ಪುಗಾಳಿಯೂ ಜಡಿಮಳೆಯೂ ಇರುವ ನಮ್ಮ ಕರಾವಳಿಯಲ್ಲಂತೂ ಕೇಳುವುದೇ ಬೇಡ. ಅದಕ್ಕೆ ಬದಲಾಗಿ ನಂಬರ್ ಪ್ಲೇಟಿನ ಚೌಕಟ್ಟಿನಲ್ಲಿಯೇ ಕ್ಯಾಮೆರಾವನ್ನೂ ಸೆನ್ಸರನ್ನೂ ಕೂರಿಸಿದ ಸಾಧನಗಳು ಬಂದಿವೆ. ಇರುವ ತಿರುಪುಗಳಿಗೇ ಅದನ್ನು ಬಿಗಿಯಬಹುದು. ಚಿತ್ರ ತೋರಿಸುವ ಪರದೆಯೂ ಒಳಗಿನ ಕನ್ನಡಿಯ ಮೇಲೆಯೇ ಸಿಕ್ಕಿಸುವಂತೆ ಸಿಗುತ್ತದೆ, ಡ್ಯಾಶ್‌ಬೋರ್ಡ್ ಕೊಯ್ಯಬೇಕಾಗಿಲ್ಲ. ನಾಳೆ ಬೇಡವೆನಿಸಿದರೆ ಎಲ್ಲವನ್ನೂ ಬಿಚ್ಚಿ ತೆಗೆದರೆ ಗಾಡಿ ಮೊದಲಿನಂತೆಯೇ ಇರುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಹಳೆಯ ಗಾಡಿ ಬಲ್ಲ ಮೆಕ್ಯಾನಿಕ್ಕೇ ಬೇಕು. ಬ್ರಿಟಿಷ್ ಮೂಲದ ಹಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಬಾಡಿಗೆ ಕಟ್ಟಿರುತ್ತಾರೆ. ಇಂದಿನ ಸಾಧನಗಳೆಲ್ಲ ಋಣಧ್ರುವ ಬಾಡಿಗೆ ಕಟ್ಟಿದ್ದೆಂದು ನಂಬಿ ಮಾಡಿದವು. ಅದನ್ನು ನೋಡದೆ ತಂತಿ ಜೋಡಿಸಿದರೆ ಸಾಧನ ಸುಟ್ಟುಹೋಗುತ್ತದೆ. ಹೊಸ ಕಾರಿನಲ್ಲಿ ರಿವರ್ಸ್ ಗೇರ್ ಹಾಕಿದೊಡನೆ ಹಿಂದಿನ ಬಿಳಿ ದೀಪ ಹೊತ್ತಿ, ಅದೇ ತಂತಿಯಿಂದ ಕ್ಯಾಮೆರಾವೂ ಎಚ್ಚರಗೊಳ್ಳುತ್ತದೆ. ಗೆಳೆಯರ ಗಾಡಿಯಲ್ಲಿ ಆ ದೀಪವೇ ಇಲ್ಲ. ಬೇರೆ ಸ್ವಿಚ್ಚು ಇಟ್ಟರೆ ಹಾಕಲು ಮರೆಯುವ ಭಯ. ಆದ್ದರಿಂದ ಇಗ್ನಿಷನ್ ಕೀಲಿ ತಿರುಗಿಸಿದಾಗಲೇ ಕ್ಯಾಮೆರಾ ಎಚ್ಚರವಾಗುವಂತೆ, ನಡುವೆ ಒಂದು ಫ್ಯೂಸ್ ಇಟ್ಟು ಜೋಡಿಸುವುದು ಮೇಲು. ಅದು ಕುಡಿಯುವ ವಿದ್ಯುತ್ತು ಹೆಡ್‌ಲೈಟುಗಳ ಮುಂದೆ ಲೆಕ್ಕಕ್ಕಿಲ್ಲ.

ಇನ್ನು ಕಾನೂನಿನ ಅಂಜಿಕೆ. 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ವಾಹನಗಳನ್ನು 'ವಿಂಟೇಜ್' ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮ ತಂದಿತು. ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನುಗಳಲ್ಲಿ ಬದಲಾವಣೆ ಮಾಡಿರಬಾರದು ಎಂದು ಅದರಲ್ಲಿದೆ. ತಿರುಪಿನಲ್ಲಿ ಬಿಗಿದು ತಿರುಪಿನಲ್ಲಿ ಬಿಚ್ಚುವ ಕ್ಯಾಮೆರಾ ಈ ಮೂರರಲ್ಲಿ ಯಾವುದನ್ನೂ ಮುಟ್ಟುವುದಿಲ್ಲವೆಂಬುದು ನಮ್ಮ ತಿಳಿವಳಿಕೆ. ಅಲ್ಲದೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದವುಗಳಿಗೆ ಬಿಟ್ಟರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಧರ್ಮಸ್ಥಳದಲ್ಲಿ ಸಾಲಾಗಿ ನಿಲ್ಲಿಸಿದ ಹಳೆಯ ಕಾರುಗಳನ್ನು ನಮ್ಮ ಓದುಗರು ನೋಡಿರಬಹುದು. ಅವುಗಳಿಗೆ ಕ್ಯಾಮೆರಾ ಇಡಿ ಎಂದು ಯಾರೂ ಹೇಳುವುದಿಲ್ಲ. ಅವು ಇದ್ದಲ್ಲಿಯೇ ಇರುತ್ತವೆ. ಅವುಗಳ ಬೆನ್ನ ಹಿಂದೆ ಮಗು ತೆನೆ ಹೆಕ್ಕುವುದಿಲ್ಲ. ಸಂತೆಗೂ ಮದುವೆಗೂ ಅಣೆಕಟ್ಟೆಗೂ ಹೋಗುವ ಕಾರಿನ ಮಾತೇ ಬೇರೆ. ಟೇಪ್ ರೆಕಾರ್ಡರ್, ಜೋರಾದ ಹಾರನ್ನು, ಬಣ್ಣದ ದೀಪ ಇವನ್ನೆಲ್ಲ ಕೂಡಿಸುವಾಗ ನೆನಪಾಗದ ಮೂಲರೂಪ, ಇನ್ನೊಬ್ಬರ ಜೀವ ಕಾಯುವ ಸಾಧನ ಬಂದಾಗ ಮಾತ್ರ ನೆನಪಾಗುವುದು ಯಾವ ನ್ಯಾಯ?

ಹಾಗೆಂದು ಯಂತ್ರ ಬಂತು, ಇನ್ನು ಚಿಂತೆಯಿಲ್ಲ ಎಂದು ತಿಳಿದರೆ ಅದು ಇನ್ನೂ ದೊಡ್ಡ ಅಪಾಯ. ಕ್ಯಾಮೆರಾದ ಗಾಜಿಗೆ ಕೆಸರು ಹಾರಿದರೆ ಚಿತ್ರವಿಲ್ಲ. ಅಗಲ ನೋಟದ ಗಾಜಿನಲ್ಲಿ ಹತ್ತಿರದ್ದೂ ದೂರವಿದ್ದಂತೆ ಕಾಣುತ್ತದೆ. ತೆಳ್ಳಗಿನ ಕಂಬ, ತಗ್ಗಿನಲ್ಲಿರುವ ಕಲ್ಲು ಸೆನ್ಸರಿಗೆ ತಪ್ಪಿಹೋಗುವುದುಂಟು. ಹಿಂದೆ ಲಾರಿಗಳಲ್ಲಿ ಕ್ಲೀನರ್ ಹುಡುಗ ಇಳಿದು, ಬದಿಗೆ ತಟ್ಟುತ್ತ 'ಬರಲಿ, ಬರಲಿ' ಎನ್ನುತ್ತಿದ್ದನಲ್ಲ, ಆ ಕ್ರಮಕ್ಕೆ ಸಮನಾದ ಯಂತ್ರ ಇನ್ನೂ ಬಂದಿಲ್ಲ. ಕಾರು ಹತ್ತುವ ಮೊದಲು ಹಿಂದಿನಿಂದ ಒಂದು ಸುತ್ತು ಬರುವುದಕ್ಕೆ ಅರ್ಧ ನಿಮಿಷವೂ ಬೇಡ. ಆ ಸುತ್ತು ಮೊದಲು, ಕ್ಯಾಮೆರಾ ಆಮೇಲೆ. ಎರಡೂ ಇರಲಿ.

ಇಷ್ಟು ದೂರದ ಜೂರಾಲದ ಕತೆಯನ್ನು ಇಲ್ಲಿ ಹೇಳಿದ್ದೇಕೆಂದರೆ, ನಮ್ಮಲ್ಲಿಯೂ ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಜೀಪುಗಳನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳಿವೆ. ನಮ್ಮ ಅಂಗಳಗಳು ಇಳಿಜಾರು. ಒಂದು ಬದಿ ಕೆಂಪುಕಲ್ಲಿನ ಗೋಡೆ, ಇನ್ನೊಂದು ಬದಿ ಒಣಗಲು ಹರವಿದ ಅಡಿಕೆ. ಆ ಅಡಿಕೆ ಮಗುಚಲು ಅಜ್ಜಿ ಬಗ್ಗಿರುತ್ತಾಳೆ. ರಜೆಗೆ ಬಂದ ಮೊಮ್ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಕಾರುಗಳು ಹಿಂದೆ ಮುಂದೆ ಸರಿಯುವುದನ್ನು ನಾವು ದಿನವೂ ನೋಡುತ್ತೇವೆ. ಇಲ್ಲಿ ಕೂಗುವ ತಾಯಿ ಮಲಯಾಳದಲ್ಲಿ ಕೂಗಿಯಾಳು, ತುಳುವಿನಲ್ಲಿ ಕೂಗಿಯಾಳು, ಕನ್ನಡದಲ್ಲಿಯೂ ಕೂಗಿಯಾಳು. ಗಾಜು ಏರಿಸಿಕೊಂಡು ಕೂತ ಚಾಲಕನಿಗೆ ಯಾವುದೂ ಕೇಳಿಸದೆ ಹೋಗಬಹುದು.

ದಸರಾ ಕಳೆದ ಮೇಲೆ ಗೆಳೆಯರು ಫೋನು ಮಾಡಿದ್ದರು. ಕ್ಯಾಮೆರಾ ಕೂರಿಸಿಯಾಯಿತು, ಬಂಪರಿಗೆ ಒಂದು ಗೆರೆಯೂ ಬಿದ್ದಿಲ್ಲ ಎಂದರು. ತಂದೆಯವರ ಸಿಟ್ಟು ಇಳಿಯಿತೆ ಎಂದು ಕೇಳಿದೆವು. ಅವರೇ ಫೋನು ತೆಗೆದುಕೊಂಡು ಹೇಳಿದರು: 'ನಿನ್ನೆ ಆ ಪರದ್ಯಾಗ ಬೀದಿ ನಾಯಿಮರಿ ಕಂಡ್ತು ಮಾಸ್ತರ್. ಕುತ್ತಿಗಿ ತಿರುವಿ ನೋಡೀನಿ, ನನಗ ಕಾಣಲಿಲ್ಲ. ಐವತ್ತು ವರ್ಷದಾಗ ಹಿಂಗ ಎಷ್ಟು ಕಾಣದ ಬಿಟ್ಟೀನೋ ದೇವರಿಗೇ ಗೊತ್ತು.'

ಹಳೆಯ ಕಾರನ್ನು ಪ್ರೀತಿಸುವ ನಮ್ಮೂರ ಮಹನೀಯರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಬರುವ ರಜೆಗೆ ಮಕ್ಕಳು ಅಂಗಳಕ್ಕೆ ಬರುವ ಮೊದಲೇ ಈ ಕೆಲಸ ಮಾಡಿಸಿಬಿಡಲಿ.